ವೀಣೆಯ ಕುದುರೆ, ಗಿಟಾರಿನ ಉಕ್ಕು

ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಅಣ್ಣನ ಮೊಮ್ಮಗ ನಮ್ಮ ಯಲಹಂಕದ ಮನೆಗೆ ಬಂದು ಹದಿನೈದು ದಿನ ಇದ್ದ. ಎಂಜಿನಿಯರಿಂಗ್ ಎರಡನೆಯ ವರ್ಷದ ಹುಡುಗ. ಓದಿನಷ್ಟೇ, ಬಹುಶಃ ಓದಿಗಿಂತ ಒಂದು ತೂಕ ಹೆಚ್ಚಾಗಿಯೇ, ಎಲೆಕ್ಟ್ರಿಕ್ ಗಿಟಾರಿನ ಮೇಲೆ ಪ್ರೀತಿ. ಒಂದು ಸಂಜೆ ಆತ ವರಾಂಡದಲ್ಲಿ ಗಿಟಾರನ್ನು ಬೋರಲು ಮಲಗಿಸಿಕೊಂಡು, ಬೆನ್ನಿನ ಮುಚ್ಚಳವನ್ನು ಬಿಚ್ಚಿ, ಒಳಗಿದ್ದ ಸ್ಪ್ರಿಂಗುಗಳನ್ನೂ ಅವು ಸಿಕ್ಕಿಕೊಂಡಿದ್ದ ಬೂದು ಬಣ್ಣದ ಲೋಹದ ತುಂಡನ್ನೂ ನನಗೆ ತೋರಿಸಿದ.

“ತಾತ, ಇದು ಬರೀ ಸತು. ಇದನ್ನ ತೆಗೆದು ಉಕ್ಕಿನದೋ ಹಿತ್ತಾಳೆಯದೋ ಹಾಕಿದರೆ ನಾದವೇ ಬದಲಾಗುತ್ತಂತೆ. ಹೊರಗಿನಿಂದ ತರಿಸಬೇಕು, ದುಬಾರಿ.”

ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನಾಲಗೆ ಸುಮ್ಮನಿರಲಿಲ್ಲ. “ತಂತಿಯ ಆವೃತ್ತಿ ಮೂರೇ ವಿಷಯಗಳನ್ನು ಅವಲಂಬಿಸುತ್ತದೆ. ಉದ್ದ, ಬಿಗಿತ, ಒಂದು ಮೀಟರ್ ತಂತಿಯ ದ್ರವ್ಯರಾಶಿ. ಇದರಲ್ಲಿ ನಿನ್ನ ಸತು ಎಲ್ಲಿ ಬಂತು?” ಎಂದೆ. ಹುಡುಗ ಪೆಚ್ಚಾದ. ಆಗ ಅಡುಗೆಮನೆಯೊಳಗಿನಿಂದ ನನ್ನ ಶ್ರೀಮತಿಯ ದನಿ ಕೇಳಿಸಿತು. “ಇದೇ ಪಾಠಾನ ನನಗೂ ಒಂದು ಸಲ ಮಾಡಿದ್ರಿ. ಮರೆತುಹೋಯ್ತೇನ್ರೀ?”

ಮರೆತಿರಲಿಲ್ಲ. ಮರೆಯಲು ಪ್ರಯತ್ನ ಪಟ್ಟಿದ್ದೆ, ಅಷ್ಟೆ. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ತಂತಿವಾದ್ಯಗಳ ಕುದುರೆಯ ಚರಿತ್ರೆಯನ್ನು. ಆದರೆ ನನ್ನದೇ ಒಂದು ತಪ್ಪನ್ನು ಮೊದಲು ಒಪ್ಪಿಕೊಳ್ಳದೆ ಆ ಚರಿತ್ರೆಗೆ ಕೈ ಹಾಕುವ ಅಧಿಕಾರ ನನಗಿಲ್ಲ.

ನನ್ನ ಶ್ರೀಮತಿ ಮದುವೆಯಾಗಿ ಬಂದಾಗ ತನ್ನೊಡನೆ ಅವಳ ಅಜ್ಜಿಯ ವೀಣೆಯನ್ನು ತಂದಳು. ಮೈಸೂರಿನಲ್ಲಿ ಮಾಡಿಸಿದ, ಹಲಸಿನ ಮರದ ವೀಣೆ. ವೀಣೆಯನ್ನು ಹತ್ತಿರದಿಂದ ನೋಡದವರಿಗಾಗಿ ಎರಡು ಮಾತು. ನುಡಿಸುವ ತಂತಿ ನಾಲ್ಕು, ತಾಳದ ತಂತಿ ಮೂರು. ದಂಡಿಯ ಮೇಲೆ ಕಪ್ಪು ಮೇಣದಲ್ಲಿ ಕೂರಿಸಿದ 24 ಕಂಚಿನ ಮೆಟ್ಟಿಲುಗಳು. ಹೀಗೆ 24 ಮೆಟ್ಟಿಲುಗಳನ್ನು ಸ್ಥಿರವಾಗಿ ಕೂರಿಸುವ ಪದ್ಧತಿ 17ನೆಯ ಶತಮಾನದ ತಂಜಾವೂರಿನಲ್ಲಿ ರಘುನಾಥ ನಾಯಕನ ಕಾಲಕ್ಕೆ ನೆಲೆಗೊಂಡಿತೆಂದು ಸಂಗೀತದ ಚರಿತ್ರಕಾರರು ಹೇಳುತ್ತಾರೆ. ದೊಡ್ಡ ಕೊಡದ ನಡುವೆ, ತಂತಿಗಳನ್ನು ಹೊತ್ತು ನಿಂತಿರುವ ಮರದ ಪುಟ್ಟ ಪೀಠವೇ ಕುದುರೆ. ಆ ಕುದುರೆಯ ಬೆನ್ನಿನ ಮೇಲೆ ಅಂಟಿಸಿದ ಒಂದು ಲೋಹದ ತಗಡು ಇರುತ್ತದೆ. ತಂತಿಗಳು ನಿಜವಾಗಿ ಕೂರುವುದು ಮರದ ಮೇಲಲ್ಲ, ಆ ತಗಡಿನ ಮೇಲೆ. ಸಾಮಾನ್ಯವಾಗಿ ಅದು ಕಂಚಿನದು.

ಉಕ್ಕಿನ ತಂತಿ ವರ್ಷಗಟ್ಟಲೆ ಕಂಚನ್ನು ಉಜ್ಜಿದರೆ ಕಂಚು ಸವೆಯಲೇಬೇಕು. 1996ರ ಹೊತ್ತಿಗೆ ನಮ್ಮ ಮನೆಯ ವೀಣೆಯ ತಗಡಿನಲ್ಲಿ ಗೆರೆ ಗೆರೆಯಾಗಿ ಹಳ್ಳಗಳು ಬಿದ್ದು, ತಂತಿ ಮೀಟಿದರೆ ಜುಂಯ್ ಎಂಬ ಕರ್ಕಶ ಸದ್ದು ಬರುತ್ತಿತ್ತು. “ವೀಣೆ ಮಾಡುವವರ ಹತ್ತಿರ ತೋರಿಸಬೇಕು” ಎಂದಳು. ನನಗೆ ಅದು ವಿಜ್ಞಾನದ ಸರಳ ಲೆಕ್ಕವಾಗಿ ಕಂಡಿತು. ಮೆತ್ತನೆಯ ಲೋಹ ಸವೆಯುತ್ತದೆಯೆಂದರೆ ಗಟ್ಟಿ ಲೋಹ ಹಾಕಿದರಾಯಿತು! ಆಗ ನನ್ನ ವಿದ್ಯಾರ್ಥಿಯೊಬ್ಬ ಪೀಣ್ಯದಲ್ಲಿ ಸಣ್ಣದೊಂದು ಯಂತ್ರಾಗಾರವನ್ನು ತೆರೆದಿದ್ದ. ಪೀಣ್ಯದ ಕೈಗಾರಿಕಾ ಪ್ರದೇಶ 1970ರ ದಶಕದಲ್ಲಿ ಆರಂಭವಾದ ಮೇಲೆ ನಮ್ಮ ಯಲಹಂಕ, ಯಶವಂತಪುರ, ಜಾಲಹಳ್ಳಿ ಭಾಗದ ಹುಡುಗರಿಗೆ ಲೇತ್ ಯಂತ್ರವೆಂದರೆ ಊರ ದೇವರಷ್ಟೇ ಪರಿಚಿತ. ಅವನು ಬಹಳ ಅಕ್ಕರೆಯಿಂದ, “ದುಡ್ಡು ಮಾತಾಡ್ಬೇಡಿ ಸಾರ್” ಎನ್ನುತ್ತ, ಸ್ಟೇನ್‌ಲೆಸ್ ಸ್ಟೀಲಿನ ತಗಡೊಂದನ್ನು ಅಳತೆಗೆ ಕತ್ತರಿಸಿ, ಕನ್ನಡಿಯಂತೆ ಹೊಳಪು ಕೊಟ್ಟು, ಕುದುರೆಗೆ ಅಂಟಿಸಿಕೊಟ್ಟ. ಸಮತಟ್ಟಾದ, ಒಂದು ಕೂದಲೆಳೆಯಷ್ಟೂ ಉಬ್ಬುತಗ್ಗಿಲ್ಲದ ತಗಡು. ಸ್ಪಿರಿಟ್ ಲೆವೆಲ್ ಇಟ್ಟು ತೋರಿಸಿದ. ಗುರುವಿಗೂ ಶಿಷ್ಯನಿಗೂ ಪರಮ ತೃಪ್ತಿ.

ಮನೆಗೆ ತಂದು ತಂತಿ ಕಟ್ಟಿ ಶ್ರುತಿ ಮಾಡಿದಳು. ಮೀಟಿದಳು. ಜುಂಯ್ ಎನ್ನುವುದು ಹೋಗಿತ್ತು. ಅದರೊಡನೆ ವೀಣೆಯೂ ಹೋಗಿತ್ತು. ಒಂದು ಮೀಟಿಗೆ ಸ್ವರ ಅರಳಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಟಿಣ್ ಎಂದು ಹುಟ್ಟಿ ಅಲ್ಲೇ ಕರಗುವ ಒಂದು ಬಡಕಲು ಸದ್ದು. “ನಾದ ಇಲ್ಲ” ಎಂದಳು. ನಾನು ಮೇಲೆ ಹೇಳಿದ ಮೂರು ಅಂಶಗಳ ಪಾಠವನ್ನು ಮಾಡಿದೆ. ಶ್ರುತಿ ಸರಿಯಾಗಿದೆ, ತಂತಿ ಅದೇ, ಕೊಡ ಅದೇ, ಉಳಿದದ್ದು ನಿನ್ನ ಮನಸ್ಸಿನ ಅಭ್ಯಾಸ ಎಂದೆ. ಅವಳು ವಾದ ಮಾಡಲಿಲ್ಲ. ಇನ್ನೂ ಕೆಲವು ದಿನ ನುಡಿಸಿದಳು. ಆಮೇಲೆ ವೀಣೆ ಗವಸು ತೊಟ್ಟು ಮೂಲೆ ಸೇರಿತು. ವಿಜಯದಶಮಿಗೆ ಮಾತ್ರ ಹೊರಗೆ ಬಂದು ಅರಿಶಿನ ಕುಂಕುಮ ಪಡೆದು ಒಳಗೆ ಹೋಗುತ್ತಿತ್ತು. ಹೀಗೆ ಹನ್ನೆರಡು ವರ್ಷ.

ಈ ಹನ್ನೆರಡು ವರ್ಷಗಳ ಉದ್ದಕ್ಕೂ ನಾನು ವಾರಕ್ಕೆ ಒಮ್ಮೆಯಾದರೂ ಬಸ್ಸಿನಲ್ಲಿ ಹೆಬ್ಬಾಳ ದಾಟಿ ಮೇಖ್ರಿ ವೃತ್ತದ ಮೂಲಕ ಪೇಟೆಗೆ ಹೋಗುತ್ತಿದ್ದೆ. ಆ ವೃತ್ತದ ಮಗ್ಗುಲಲ್ಲೇ, ಮರಗಳ ನಡುವೆ, ರಾಮನ್ ಸಂಶೋಧನಾ ಸಂಸ್ಥೆ ಇದೆ. ನನ್ನ ತಪ್ಪಿಗೆ ಉತ್ತರವನ್ನು ಬರೆದಿಟ್ಟಿದ್ದ ಮನುಷ್ಯ ಕಟ್ಟಿದ ಸಂಸ್ಥೆಯ ಪಕ್ಕದಲ್ಲೇ ಹಾದು ಹೋಗುತ್ತಿದ್ದೆನೆಂಬುದು ನನಗೆ ತಿಳಿದಿರಲಿಲ್ಲ. ಪ್ರತಿ ಫೆಬ್ರವರಿ 28ರಂದು ರಾಷ್ಟ್ರೀಯ ವಿಜ್ಞಾನ ದಿನದ ಭಾಷಣದಲ್ಲಿ ಸಿ.ವಿ. ರಾಮನ್ ಎಂದರೆ ಬೆಳಕು, ಸಮುದ್ರದ ನೀಲಿ, 1930ರ ನೊಬೆಲ್ ಎಂದು ನಾನು ನಿಮಗೆಲ್ಲ ಹೇಳಿದ್ದೇನೆ. ಆದರೆ ಬೆಳಕಿಗೆ ಮುಂಚೆ ಅವರನ್ನು ಆವರಿಸಿದ್ದು ಧ್ವನಿ.

1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತಾಕ್ಕೆ ಹೋದ ರಾಮನ್, ಕಚೇರಿಗೆ ಮುಂಚೆ ಮತ್ತು ಕಚೇರಿಯ ನಂತರ, ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರೆಂಬುದು ಪ್ರಸಿದ್ಧ ಸಂಗತಿ. ಆ ಹೊತ್ತಿನಲ್ಲಿ ಅವರು ಹೆಚ್ಚಾಗಿ ಮಾಡಿದ್ದು ತಂತಿ ಮತ್ತು ಚರ್ಮವಾದ್ಯಗಳ ಅಧ್ಯಯನ. ಅದೇ ವರ್ಷ ಅವರ ಕೈಹಿಡಿದ ಲೋಕಸುಂದರಿಯವರು ವೀಣೆ ನುಡಿಸುತ್ತಿದ್ದರು. ಪಿಟೀಲಿನ ತಂತಿ ಕಮಾನಿನ ಕೆಳಗೆ ಹೇಗೆ ನಡೆದುಕೊಳ್ಳುತ್ತದೆ ಎಂಬ ಬಗ್ಗೆ 1918ರಲ್ಲಿ ಒಂದು ದೀರ್ಘ ಪ್ರಬಂಧ. 1920ರಲ್ಲಿ, ಮೃದಂಗ ತಬಲಾಗಳ ಕರಣೆ ಹೇಗೆ ಚರ್ಮದ ಗದ್ದಲವನ್ನು ಸ್ವರವಾಗಿಸುತ್ತದೆ ಎಂಬ ಬಗ್ಗೆ ಒಂದು ಟಿಪ್ಪಣಿ. 1921ರಲ್ಲಿ ವೀಣೆ ಮತ್ತು ತಂಬೂರಿಯ ಕುರಿತು ಕೆಲವೇ ಪುಟಗಳ ಒಂದು ಲೇಖನ. 1988ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಅವರ ಲೇಖನಗಳನ್ನು ಸಂಪುಟಗಳಾಗಿ ತಂದಿತು. ಅದರ ಎರಡನೆಯ ಸಂಪುಟ ಪೂರ್ತಿ ಧ್ವನಿವಿಜ್ಞಾನ. 2008ರಲ್ಲಿ, ವಿಜ್ಞಾನ ದಿನದ ಭಾಷಣಕ್ಕೆ ಹೊಸದೇನಾದರೂ ಸಿಕ್ಕೀತೇ ಎಂದು ಅದನ್ನು ತಿರುವುತ್ತಿದ್ದಾಗ, ಈ ಪುಟ್ಟ ಲೇಖನ ನನ್ನ ಕೆನ್ನೆಗೆ ಬಾರಿಸಿತು.

ಅದರ ತಿರುಳನ್ನು ನಮ್ಮ ಶಾಲೆಯ ಸೋನೋಮೀಟರನ್ನು ನೆನಪಿಸಿಕೊಂಡರೆ ಸುಲಭವಾಗಿ ತಿಳಿಯಬಹುದು. ಮೂಲೆಯ ಬೀರುವಿನ ಮೇಲಿದ್ದ, ಒಂದು ತಂತಿ ಕಡಿದುಹೋಗಿದ್ದ ಆ ಪೆಟ್ಟಿಗೆ! ಮೀಟಿದ ತಂತಿ ಒಂದೇ ಸ್ವರವನ್ನು ನುಡಿಯುವುದಿಲ್ಲ. ಇಡೀ ತಂತಿಯ ಮೂಲಸ್ವರದ ಜೊತೆಗೆ, ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು ಭಾಗವಾಗಿ ಕಂಪಿಸಿ ಎರಡು, ಮೂರು, ನಾಲ್ಕು ಪಟ್ಟು ಆವೃತ್ತಿಯ ಅಧಿಸ್ವರಗಳನ್ನೂ ನುಡಿಯುತ್ತದೆ. ಶ್ರುತಿಯನ್ನು ನಿರ್ಧರಿಸುವುದು ಮೂಲಸ್ವರ. ಅದು ವೀಣೆಯೋ ಗಿಟಾರೋ ಎಂದು ತಿಳಿಸುವುದು ಈ ಅಧಿಸ್ವರಗಳು ಯಾವ ಯಾವ ಪ್ರಮಾಣದಲ್ಲಿ ಬೆರೆತಿವೆ, ಎಷ್ಟು ಹೊತ್ತು ಬಾಳುತ್ತವೆ ಎಂಬುದು. ನಾನು 1996ರಲ್ಲಿ ಹೇಳಿದ ಮೂರು ಅಂಶಗಳು ಶ್ರುತಿಯ ಲೆಕ್ಕಕ್ಕೆ ಸರಿ. ಅವಳು ಕೇಳಿದ್ದು ಶ್ರುತಿಯನ್ನಲ್ಲ, ನಾದವನ್ನು. ಪ್ರಶ್ನೆಯೊಂದು, ಉತ್ತರ ಇನ್ನೊಂದು. ಪರೀಕ್ಷೆಯಲ್ಲಿ ನೀವು ಹೀಗೆ ಬರೆದಿದ್ದರೆ ಕೆಂಪು ಮಸಿಯಲ್ಲಿ ಸೊನ್ನೆ ಹಾಕುತ್ತಿದ್ದೆ.

ಇನ್ನು ರಾಮನ್ ಕಂಡದ್ದು. ಮೀಟಿದ ತಂತಿಯ ಬಗ್ಗೆ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಎಂಬ ಇಬ್ಬರು ಮಹನೀಯರ ಹೆಸರಿನ ಒಂದು ನಿಯಮವಿದೆ. ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ, ಆ ಜಾಗದಲ್ಲಿ ಅಲುಗಾಟವೇ ಇರದ ಅಧಿಸ್ವರಗಳು, ಅಂದರೆ ಎರಡನೆಯದು, ನಾಲ್ಕನೆಯದು, ಆರನೆಯದು, ಹುಟ್ಟಲಾರವು. ಮೂರನೆಯ ಒಂದು ಭಾಗದಲ್ಲಿ ಮೀಟಿದರೆ ಮೂರನೆಯದು, ಆರನೆಯದು ಹುಟ್ಟಲಾರವು. ಸೋನೋಮೀಟರಿನಲ್ಲಿ ಇದು ನಿಜವೇ. ವೀಣೆಯಲ್ಲೂ ತಂಬೂರಿಯಲ್ಲೂ ಮಾತ್ರ, ಹುಟ್ಟಬಾರದ ಅಧಿಸ್ವರಗಳು ಸ್ಪಷ್ಟವಾಗಿ ಹಾಡುತ್ತವೆಯೆಂದು ರಾಮನ್ ತೋರಿಸಿದರು. ಕಾರಣವನ್ನು ಅವರು ಕಂಡದ್ದು ಕುದುರೆಯಲ್ಲಿ. ಪಿಟೀಲಿನ ಕುದುರೆಯ ಅಂಚು ತೆಳು. ತಂತಿ ಅಲ್ಲಿ ಒಂದೇ ಬಿಂದುವಿನಲ್ಲಿ ಮುಗಿಯುತ್ತದೆ. ವೀಣೆಯ ಕುದುರೆ ಅಗಲ. ಅದರ ಮೇಲಿನ ಲೋಹದ ತಗಡು ಕಣ್ಣಿಗೆ ಕಾಣದಷ್ಟು ನವಿರಾಗಿ ಬಾಗಿದೆ. ತಂತಿ ಆ ಇಳಿಜಾರನ್ನು ಸವರಿಕೊಂಡು ಬಿಡುಗಡೆಯಾಗುತ್ತದೆ. ಕಂಪಿಸುವ ತಂತಿ ಕೆಳಗೆ ಬಂದಾಗ ಆ ಬಾಗಿನ ಮೇಲೆ ಸ್ವಲ್ಪ ಒರಗುತ್ತದೆ, ಮೇಲೆ ಹೋದಾಗ ಕಳಚಿಕೊಳ್ಳುತ್ತದೆ. ಪ್ರತಿ ತೂಗಿಗೂ ತಂತಿಯ ಉದ್ದ ಕೂದಲೆಳೆಯಷ್ಟು ಬದಲಾಗುತ್ತ, ಪ್ರತಿ ಒರಗುವಿಕೆಯೂ ಒಂದು ಮಿದುವಾದ ಮರುಮೀಟಾಗುತ್ತ, ಮೂಲಸ್ವರದ ಶಕ್ತಿ ಅಧಿಸ್ವರಗಳಿಗೆ ಹರಿಯುತ್ತಲೇ ಇರುತ್ತದೆ. ಸ್ವರ ಅರಳುವುದೆಂದು ನಾವು ಹೇಳುವುದು ಇದನ್ನೇ. ತಂಬೂರಿಯಲ್ಲಿ ಇದೇ ಕೆಲಸವನ್ನು ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ನೂಲಿನೆಳೆ ಮಾಡುತ್ತದೆ. ಆ ಎಳೆಗೆ ನಮ್ಮ ಹಿರಿಯರು ಇಟ್ಟ ಹೆಸರು ಜೀವಾಳ. ಜೀವವನ್ನು ಎಲ್ಲಿಟ್ಟಿದ್ದಾರೆಂದು ಹೆಸರಿನಲ್ಲೇ ಹೇಳಿಬಿಟ್ಟಿದ್ದರು, ನಾನು ಬಿ.ಎಡ್. ಮಾಡಿದವನು, ಓದಿಕೊಳ್ಳಲಿಲ್ಲ.

ಅಂದರೆ ನನ್ನ ಶಿಷ್ಯ ಸ್ಪಿರಿಟ್ ಲೆವೆಲ್ ಇಟ್ಟು ತೋರಿಸಿದ ಆ ಸಮತಟ್ಟೇ ವೀಣೆಯನ್ನು ಕೊಂದಿತ್ತು.

ಆ ವರ್ಷವೇ ಮೈಸೂರಿನ ಕಡೆಯ ಒಬ್ಬ ವೃದ್ಧ ಕುಶಲಕರ್ಮಿಯನ್ನು ಹುಡುಕಿ ಮನೆಗೆ ಕರೆತಂದೆ. ಅವರು ಸ್ಟೀಲಿನ ತಗಡನ್ನು ನೋಡಿ ಏನೂ ಅನ್ನಲಿಲ್ಲ. ಅದು ಅವರ ದೊಡ್ಡತನ. ಬಿಸಿ ತಾಗಿಸಿ ಅದನ್ನು ಎಬ್ಬಿಸಿ, ಹೊಸ ಕಂಚಿನ ತಗಡನ್ನು ಕೂರಿಸಿ, ಸಣ್ಣ ಅರದಿಂದ ನಾಲ್ಕು ಎಳೆತ ಎಳೆಯುವುದು, ತಂತಿ ಇಟ್ಟು ಮೀಟುವುದು, ಕಿವಿಗೊಡುವುದು, ತಂತಿ ಸರಿಸಿ ಮತ್ತೆ ಎರಡು ಎಳೆತ. ಬೆಳಗ್ಗೆ ಹತ್ತಕ್ಕೆ ಕೂತವರು ಎದ್ದದ್ದು ಸಂಜೆ ನಾಲ್ಕಕ್ಕೆ. ಅಳತೆಪಟ್ಟಿಯನ್ನು ಅವರು ಒಮ್ಮೆಯೂ ಕೇಳಲಿಲ್ಲ. “ಎಷ್ಟು ಬಾಗು ಕೊಡುತ್ತೀರಿ?” ಎಂದು ನಾನು ಕೇಳಿದ್ದಕ್ಕೆ, “ತಂತಿ ಬಿಡೋ ಜಾಗದಲ್ಲಿ ಬಿಡೋ ಅಷ್ಟು” ಎಂದರು. ನಾಲ್ಕನೆಯ ತಂತಿ ಮುಗಿದಾಗ ನನ್ನ ಶ್ರೀಮತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಕೂತಳು. ಅಂದು ರಾತ್ರಿಯ ಊಟ ಒಂಬತ್ತೂವರೆಗೆ.

ಈ ಕಥೆಯನ್ನು ಹುಡುಗನಿಗೆ ಹೇಳಿದೆ. ಅವನು ಕಣ್ಣರಳಿಸಿ, “ಹಾಗಾದ್ರೆ ತಾತ, ಲೋಹ ಮುಖ್ಯ ಅಂತಾಯ್ತಲ್ಲ!” ಎಂದ. ಅವಸರ ಪಡಬೇಡ ಎಂದೆ. ನಾನು 1996ರಲ್ಲಿ ಬದಲಿಸಿದ್ದು ಒಂದನ್ನಲ್ಲ, ಎರಡನ್ನು: ಕಂಚು ಹೋಗಿ ಉಕ್ಕು ಬಂತು, ಬಾಗು ಹೋಗಿ ಸಮತಟ್ಟು ಬಂತು. ರಾಮನ್ ಅವರ ಲೇಖನದ ಪ್ರಕಾರ ಅಪರಾಧಿ ಆಕಾರ. ಲೋಹದ ಪಾಲು ಎಷ್ಟು, ಏನಾದರೂ ಇತ್ತೇ ಎಂಬುದಕ್ಕೆ ನನ್ನ ಆ ಪ್ರಯೋಗ ಸಾಕ್ಷಿಯೇ ಅಲ್ಲ. ಪ್ರಯೋಗ ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ಕೈಯಲ್ಲಿ ಬರೆಸುತ್ತಿದ್ದೆನಲ್ಲ, ಒಮ್ಮೆಗೆ ಒಂದನ್ನೇ ಬದಲಿಸು ಎಂದು, ಅದನ್ನು ಬರೆಸಿದವನೇ ಮುರಿದಿದ್ದ.

ಇನ್ನು ಆ ಗಿಟಾರಿನ ಲೋಹದ ತುಂಡಿನ ಚರಿತ್ರೆ. ಅಮೆರಿಕೆಯ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಎಂಬ ಊರಿನಲ್ಲಿ ಲಿಯೋ ಫೆಂಡರ್ ಎಂಬ ರೇಡಿಯೊ ರಿಪೇರಿಯವರು ಇದ್ದರು. ಸ್ವತಃ ಗಿಟಾರ್ ನುಡಿಸಲು ಬಾರದ ಆ ಮನುಷ್ಯ 1954ರಲ್ಲಿ ಸ್ಟ್ರಾಟೋಕಾಸ್ಟರ್ ಎಂಬ ಗಿಟಾರನ್ನು ಹೊರತಂದರು. ಅದರ ವಿಶೇಷವೆಂದರೆ ಅಲುಗುವ ಕುದುರೆ. ವೀಣೆಯಲ್ಲಿ ಗಮಕ ಬೇಕೆಂದರೆ ತಂತಿಯನ್ನು ಮೆಟ್ಟಿಲಿನ ಮೇಲೆ ಪಕ್ಕಕ್ಕೆ ಎಳೆಯುತ್ತೇವೆ, ಕುದುರೆ ಕದಲುವುದಿಲ್ಲ. ಫೆಂಡರ್ ಕುದುರೆಯನ್ನೇ ತಕ್ಕಡಿಯಂತೆ ಕೂರಿಸಿದರು. ಮೇಲೆ ಆರು ತಿರುಪುಗಳ ಆಸರೆಯಲ್ಲಿ ಓಲಾಡುವ ಒಂದು ಉಕ್ಕಿನ ತಗಡು. ಅದರ ಕೆಳಗೆ ಮೂರು ತಿರುಪುಗಳಿಂದ ಬಿಗಿದ, ಮರದ ಪೊಳ್ಳಿನೊಳಗೆ ಇಳಿಬಿದ್ದ ಒಂದು ಲೋಹದ ದಿಮ್ಮಿ. ಆರೂ ತಂತಿಗಳು ಆ ದಿಮ್ಮಿಯ ತೂತುಗಳ ಮೂಲಕ ಹಾದು ಮೇಲೆ ಬರುತ್ತವೆ. ಅದರ ಬುಡಕ್ಕೆ ಸ್ಪ್ರಿಂಗುಗಳು ಸಿಕ್ಕಿಕೊಂಡಿವೆ. ಆರು ತಂತಿಗಳ ಒಟ್ಟು ಸೆಳೆತ ಸುಮಾರು 45 ಕಿಲೋ. ಅಷ್ಟನ್ನೂ ಸ್ಪ್ರಿಂಗುಗಳು ಹಿಂದಿನಿಂದ ತೂಗಿ ಹಿಡಿಯಬೇಕು. ಒಂದು ಸರಳನ್ನು ಹಿಡಿದು ಒತ್ತಿದರೆ ಇಡೀ ಏರ್ಪಾಟು ವಾಲಿ ಆರೂ ತಂತಿಗಳ ಶ್ರುತಿ ಒಟ್ಟಿಗೆ ಇಳಿಯುತ್ತದೆ. ಇದಕ್ಕೆ ಅವರಿಟ್ಟ ಹೆಸರು ಟ್ರೆಮೊಲೋ. ಪಾಶ್ಚಾತ್ಯ ಸಂಗೀತದ ಪರಿಭಾಷೆಯಲ್ಲಿ ಟ್ರೆಮೊಲೋ ಎಂದರೆ ಸದ್ದಿನ ಏರಿಳಿತ, ಶ್ರುತಿಯ ಏರಿಳಿತಕ್ಕೆ ವೈಬ್ರಾಟೊ ಎನ್ನುತ್ತಾರೆ. ಹೆಸರು ತಪ್ಪು, ಆದರೆ ನಿಂತುಬಿಟ್ಟಿದೆ. ನಮ್ಮ ಊರುಗಳ ಹೆಸರುಗಳಲ್ಲೂ ಹೀಗೆ ಆಗಿಲ್ಲವೇ?

ಮೊದಲ ವರ್ಷಗಳಲ್ಲಿ ಆ ದಿಮ್ಮಿ ಉಕ್ಕಿನದಾಗಿತ್ತು. 1965ರಲ್ಲಿ ಫೆಂಡರ್ ತಮ್ಮ ಸಂಸ್ಥೆಯನ್ನು ಸಿ.ಬಿ.ಎಸ್. ಎಂಬ ದೊಡ್ಡ ಕಂಪನಿಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದರು. 1970ರ ದಶಕದ ಆರಂಭದಲ್ಲಿ ಉಕ್ಕಿನ ಜಾಗಕ್ಕೆ ಎರಕದ ಸತುಮಿಶ್ರಲೋಹ ಬಂತು. ಕಾರಣ ಸಂಗೀತವಲ್ಲ, ಅರ್ಥಶಾಸ್ತ್ರ. ಉಕ್ಕನ್ನು ಕೊರೆಯಬೇಕು, ಕಡೆಯಬೇಕು, ಒಂದೊಂದು ತೂತಿಗೂ ಸಮಯ ಬೇಕು. ಸತುಮಿಶ್ರಲೋಹವಾದರೋ 400 ಡಿಗ್ರಿ ಸೆಲ್ಸಿಯಸ್ಸಿನೊಳಗೆ ಕರಗಿ ನೀರಾಗುತ್ತದೆ. ಅಚ್ಚಿಗೆ ಒತ್ತಿದರೆ ತೂತುಗಳ ಸಮೇತ ತುಂಡು ಸಿದ್ಧ. ಆ ಕಾಲದ ಗಿಟಾರುಗಳು ಮೊದಲಿನಂತಿಲ್ಲ ಎಂದು ವಾದಕರು ಗೊಣಗತೊಡಗಿದರು. ಆಮೇಲೆ ಹಳೆಯ ಉಕ್ಕನ್ನು ಮತ್ತೆ ಹಾಕಿಸಿಕೊಳ್ಳುವ ಪದ್ಧತಿಯೂ, ಅದಕ್ಕೆ ಬೇಕಾದ ಬಿಡಿಭಾಗಗಳ ವ್ಯಾಪಾರವೂ ಬೆಳೆದವು. ನಮ್ಮ ಹುಡುಗನ ಅಗ್ಗದ ಗಿಟಾರಿನಲ್ಲಿದ್ದದ್ದು ಅದೇ ಸತುವಿನ ಇನ್ನೂ ತೆಳುವಾದ ತುಂಡು.

ಈ ಗೊಣಗಾಟದಲ್ಲಿ ಸತ್ಯವಿದೆಯೇ? ಇಲ್ಲೂ ರಾಮನ್ ನೆರವಿಗೆ ಬರುತ್ತಾರೆ. ಪಿಟೀಲಿನ ದನಿಯನ್ನು ತಗ್ಗಿಸಲು ಕುದುರೆಯ ಮೇಲೆ ಒಂದು ಪುಟ್ಟ ತೂಕವನ್ನು ಕಚ್ಚಿಸುತ್ತಾರೆ; ಮ್ಯೂಟ್ ಎಂದು ಅದರ ಹೆಸರು. ಅದರಿಂದ ನಾದ ಬದಲಾಗುವುದೇಕೆಂದು 1917ರಲ್ಲೇ ಅವರು ಬರೆದಿದ್ದಾರೆ. ಕುದುರೆಗೆ ತೂಕ ಕೂಡಿದರೆ ಕುದುರೆಯ ಚಲನೆ ಬದಲಾಗುತ್ತದೆ. ಪಿಟೀಲಿನಲ್ಲಿ ಕುದುರೆ ಅಲುಗಲೇಬೇಕು, ಏಕೆಂದರೆ ತಂತಿಯ ಕಂಪನವನ್ನು ಮರಕ್ಕೆ ಮುಟ್ಟಿಸುವುದು ಅದೇ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಸಭೆಯ ಕೊನೆಯ ಸಾಲಿಗೆ ದನಿ ಮುಟ್ಟಬೇಕೆಂದು ನಮ್ಮ ಪಿಟೀಲು ಚೌಡಯ್ಯನವರು ನಾಲ್ಕು ತಂತಿಯ ವಾದ್ಯವನ್ನು ಏಳು ತಂತಿಯದಾಗಿ ಮಾಡಿಕೊಂಡದ್ದು ನಿಮಗೆ ಗೊತ್ತೇ ಇದೆ. ಎಲೆಕ್ಟ್ರಿಕ್ ಗಿಟಾರಿನ ಕಥೆ ಇದಕ್ಕೆ ತಿರುವುಮುರುವು. ಅಲ್ಲಿ ಮರ ಹಾಡಬೇಕಿಲ್ಲ. ತಂತಿಯಡಿಯಲ್ಲಿ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿಯಿದೆ. ಉಕ್ಕಿನ ತಂತಿ ಅಲುಗಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ, ಫ್ಯಾರಡೆ ಹೇಳಿದಂತೆ. ಆದ್ದರಿಂದ ಕುದುರೆಯ ಮೂಲಕ ಮರಕ್ಕೆ ಹರಿದ ಶಕ್ತಿಯೆಲ್ಲ ಸೋರಿಕೆ. ಕುದುರೆ ಹೆಚ್ಚು ಭಾರವಾಗಿ, ಹೆಚ್ಚು ಬಿರುಸಾಗಿ ಇದ್ದಷ್ಟೂ ಸೋರಿಕೆ ಕಡಿಮೆ, ತಂತಿಯ ಕಂಪನ ದೀರ್ಘ. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ 7.8 ಗ್ರಾಂ, ಹಿತ್ತಾಳೆಯದು ಸುಮಾರು 8.5, ಈ ಸತುಮಿಶ್ರಲೋಹದ್ದು ಸುಮಾರು 6.6. ಬಿರುಸಿನಲ್ಲಿ ಉಕ್ಕು ಉಳಿದೆರಡರ ಸುಮಾರು ಎರಡು ಪಟ್ಟು. ಆದ್ದರಿಂದ ವ್ಯತ್ಯಾಸ ಇರಬಾರದೆಂದು ಹೇಳುವಂತಿಲ್ಲ. ಕಿವಿಗೆ ಕೇಳುವಷ್ಟು ಇದೆಯೇ ಎಂಬುದೇ ಪ್ರಶ್ನೆ.

ಅದನ್ನು ನಾವೇ ನೋಡೋಣವೆಂದು ತೀರ್ಮಾನಿಸಿ ಪೀಣ್ಯದ ಶಿಷ್ಯನಿಗೆ ಫೋನು ಮಾಡಿದೆ. ಅವನಿಗೀಗ ಐವತ್ತು ದಾಟಿದೆ, ತಲೆ ನನಗಿಂತ ಬೆಳ್ಳಗಾಗಿದೆ. “ಸಾರ್, ಮತ್ತೆ ವೀಣೆನಾ?” ಎಂದು ಗಾಬರಿಯಿಂದ ಕೇಳಿದ. ಸತುವಿನ ತುಂಡನ್ನೇ ಅಳತೆಗೆ ಕೊಟ್ಟು, ಅದೇ ಆಕಾರದಲ್ಲಿ ಉಕ್ಕಿನದೊಂದು, ಹಿತ್ತಾಳೆಯದೊಂದು ಮಾಡಿಸಿದೆವು. ಅಂಗಡಿಯಲ್ಲಿ ಮಾರುವ ಬದಲಿ ದಿಮ್ಮಿಗಳು ಅಗ್ಗದ ಗಿಟಾರಿನ ತುಂಡಿಗಿಂತ ದಪ್ಪ, ತೂಕದಲ್ಲಿ 250 ಗ್ರಾಮಿಗೂ ಮೀರಿದವು. ಅದನ್ನು ಹಾಕಿಕೊಂಡವನು ಲೋಹವನ್ನೂ ಗಾತ್ರವನ್ನೂ ಒಟ್ಟಿಗೆ ಬದಲಿಸಿದಂತಾಗುತ್ತದೆ. ಜೊತೆಗೆ ಹೊಸ ತಂತಿ ಕಟ್ಟಿರುತ್ತಾನೆ, ಕುದುರೆಯ ಎತ್ತರವನ್ನೂ ಸರಿಪಡಿಸಿರುತ್ತಾನೆ, ಹಣವನ್ನೂ ತೆತ್ತಿರುತ್ತಾನೆ. ಹಣ ತೆತ್ತ ಕಿವಿ ಬಹಳ ಚುರುಕು. ನಮ್ಮ ಮೂರು ತುಂಡುಗಳು ಅಡುಗೆಮನೆಯ ತಕ್ಕಡಿಯಲ್ಲಿ 150, 178, 193 ಗ್ರಾಂ ತೂಗಿದವು. ಸಾಂದ್ರತೆಯ ಲೆಕ್ಕಕ್ಕೆ ಸರಿಯಾಗಿ ತಾಳೆಯಾದದ್ದನ್ನು ಕಂಡು ನನಗಾದ ಸಂತೋಷವನ್ನು ಬೇರೆ ಯಾರೂ ಹಂಚಿಕೊಳ್ಳಲಿಲ್ಲ.

ಪ್ರತಿ ತುಂಡಿಗೂ ಹೊಸ ತಂತಿ, ಒಂದೇ ದಪ್ಪದವು. ಸ್ಪ್ರಿಂಗು ಮೂರೇ. ತಂತಿಯ ಎತ್ತರಕ್ಕೆ ಒಂದು ರೂಪಾಯಿಯ ಅದೇ ನಾಣ್ಯವನ್ನು ಅಡಿಗಿಟ್ಟು ಅಳತೆ. ಮೀಟುವ ಜಾಗಕ್ಕೆ ಪೆನ್ಸಿಲ್ ಗುರುತು. ಪ್ರತಿಯೊಂದನ್ನೂ ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಯಾವುದು ಯಾವಾಗ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿ, ಕೇಳುವವರ ಬೆನ್ನ ಹಿಂದೆ ನುಡಿಸುವುದು. ಹುಡುಗ ಮೊದಲ ಸುತ್ತಿನಲ್ಲೇ ಬಹಳ ಭರವಸೆಯಿಂದ “ಇದು ಹಿತ್ತಾಳೆ, ಎಷ್ಟು ತುಂಬಿದೆ ನೋಡಿ” ಎಂದ. ಅದು ಸತುವಾಗಿತ್ತು. ಎರಡನೆಯ ಸುತ್ತಿನ ನಂತರ ಮಾತು ಕಡಿಮೆ ಮಾಡಿದ. ನನಗಂತೂ ಮೂರೂ ಒಂದೇ. ಅರವತ್ತು ದಾಟಿದ ಕಿವಿಗೆ ಮೇಲಿನ ಅಧಿಸ್ವರಗಳು ಮೊದಲೇ ರಜೆ ಹಾಕಿವೆ.

ನನ್ನ ಶ್ರೀಮತಿಯೂ ನನ್ನ ವಯಸ್ಸಿನ ಆಸುಪಾಸಿನವಳೇ. ಗಿಟಾರನ್ನು ಮುಟ್ಟಿದವಳಲ್ಲ. ಬಾಗಿಲಲ್ಲಿ ನಿಂತು ಹುರುಳಿಕಾಯಿ ಬಿಡಿಸುತ್ತಿದ್ದವಳು, “ಆ ಸಣ್ಣ ತಂತೀದು ಮಾತ್ರ ಹಾಕು” ಎಂದಳು. ಸತು ಮತ್ತು ಉಕ್ಕು ಎರಡರ ನಡುವೆ, ಯಾವುದು ಬೇಗ ಆರಿಹೋಗುತ್ತದೆ ಎಂದು ಎಂಟು ಸಲ ಕೇಳಿದೆವು. ಆರು ಸಲ ಸತುವನ್ನೇ ಹೇಳಿದಳು. ಉಕ್ಕು ಹಿತ್ತಾಳೆಗಳ ನಡುವೆ ಮಾತ್ರ, “ಎರಡೂ ಒಂದೇ, ಸುಮ್ಮನೆ ನನ್ನನ್ನ ಪರೀಕ್ಷೆ ಮಾಡ್ಬೇಡಿ” ಎಂದುಬಿಟ್ಟಳು. ಹುಡುಗ ಕುಣಿದ. ಎಂಟಕ್ಕೆ ಆರು ಎಂಬುದು ಬರೀ ನಾಣ್ಯ ಚಿಮ್ಮಿದರೂ ಏಳು ಸಲಕ್ಕೊಮ್ಮೆ ಸಿಕ್ಕುವ ಫಲಿತಾಂಶವೆಂದು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಮೊದಲ ಸಲ ಇದೇ ಮನೆಯಲ್ಲಿ ಲೆಕ್ಕ ಹಾಕಿ ಅವಳ ಕಿವಿಯನ್ನು ಸುಳ್ಳು ಮಾಡಿದ್ದೆನಲ್ಲ, ಅದು ನೆನಪಾಗಿ, ಲೆಕ್ಕ ಸರಿಯಿದ್ದರೂ ದನಿ ತಗ್ಗಿಸಿ ಹೇಳಿದೆ. ಇನ್ನೂ ಇಪ್ಪತ್ತು ಸಲ ಕೇಳಿದರೆ ಗೊತ್ತಾಗುತ್ತದೆ ಎಂದೆ. ಹುರುಳಿಕಾಯಿ ಮುಗಿದಿತ್ತು, ಅವಳು ಒಳಗೆ ಹೋದಳು.

ಕೊನೆಗೆ ಹುಡುಗ ಉಕ್ಕಿನ ತುಂಡನ್ನೇ ಉಳಿಸಿಕೊಂಡ. ನಾದಕ್ಕಲ್ಲ. ಸತುವಿನ ತುಂಡಿನಲ್ಲಿ, ಅಲುಗಿಸುವ ಸರಳು ಕೂರುವ ತೂತಿನ ಮರೆಗಳು ಸವೆದು ಸರಳು ಗಡಗಡ ಆಡುತ್ತಿತ್ತು; ಉಕ್ಕಿನಲ್ಲಿ ಬಿಗಿಯಾಗಿ ನಿಂತಿತು. ಹೊರಗಿನಿಂದ ತರಿಸುವ ಖರ್ಚೂ ಉಳಿಯಿತು. ಮತ್ತೆ ಬೇರೆ ಯಾರಾದರೂ ಮಾಡಿಸುವುದಾದರೆ ಒಂದು ಎಚ್ಚರಿಕೆ: ತಂತಿಯ ತೂತುಗಳ ನಡುವಿನ ಅಂತರ, ದಿಮ್ಮಿಯ ಉದ್ದ, ಗಿಟಾರಿನ ಪೊಳ್ಳಿನ ಆಳ ಒಂದೊಂದು ಗಿಟಾರಿಗೆ ಒಂದೊಂದು ತೆರ. ಹಳೆಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದ ಮೇಲೂ ಧ್ವನಿಯನ್ನು ಬಿಡಲಿಲ್ಲ. ಮೃದಂಗ ತಬಲಾಗಳ ಬಗೆಗಿನ ಅವರ ವಿಸ್ತಾರವಾದ ಲೇಖನ 1934ರಲ್ಲಿ, ಅದೇ ವರ್ಷ ಇಲ್ಲಿ ಹುಟ್ಟಿದ ಅಕಾಡೆಮಿಯ ಪತ್ರಿಕೆಯಲ್ಲಿ ಬಂತು. 1970ರ ಅಕ್ಟೋಬರ್ 2ರಂದು ತಮ್ಮ ಸಂಸ್ಥೆಯಲ್ಲಿ ಮಾಡಿದ ಕೊನೆಯ ಗಾಂಧಿ ಸ್ಮಾರಕ ಉಪನ್ಯಾಸದಲ್ಲಿ ಅವರು ಮಾತಾಡಿದ್ದು ಕಿವಿಯೊಳಗಿನ ಶಂಖದ ಬಗ್ಗೆ, ನಾವು ಕೇಳುವುದು ಹೇಗೆ ಎಂಬ ಬಗ್ಗೆ. ಐವತ್ತು ದಿನಗಳ ನಂತರ, ನವೆಂಬರ್ 21ರಂದು ತೀರಿಕೊಂಡರು. ಅವರನ್ನು ದಹನ ಮಾಡಿದ್ದು ಅದೇ ಆವರಣದಲ್ಲಿ. ಅಲ್ಲಿ ಸ್ಮಾರಕವಿಲ್ಲ, ಒಂದು ಮರವಿದೆ. ರಜೆ ಮುಗಿಸಿ ಹೊರಟ ಹುಡುಗನನ್ನು ಬಸ್ಸು ಹತ್ತಿಸಲು ಹೋಗುವಾಗ ಮೇಖ್ರಿ ವೃತ್ತದಲ್ಲಿ ಆ ಕಡೆಗೆ ಕೈ ತೋರಿಸಿದೆ. ಅವನು ಕಿವಿಗೆ ಸಿಕ್ಕಿಸಿಕೊಂಡಿದ್ದನ್ನು ತೆಗೆದು, “ಏನು ತಾತ?” ಎಂದ.

1996ರ ಆ ಸ್ಟೀಲಿನ ತಗಡು ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ. ಒಂದು ಮಣೆಯಷ್ಟು ಚಪ್ಪಟೆ, ಇನ್ನೂ ಕನ್ನಡಿಯಂತೆ ಹೊಳೆಯುತ್ತದೆ. ಅದನ್ನು ಕಂಚಿನ ತಗಡಿನಷ್ಟೇ ಬಾಗಿಸಿ ಕೂರಿಸಿದರೆ ಲೋಹದ ಪಾಲೆಷ್ಟು ಎಂಬುದು ಒಂದೇ ದಿನದಲ್ಲಿ ಇತ್ಯರ್ಥವಾಗುತ್ತದೆ. ಈ ಸಲ ಒಂದನ್ನೇ ಬದಲಿಸಿದಂತೆಯೂ ಆಗುತ್ತದೆ. ಕಳೆದ ವಾರ, ಅವಳು ವೀಣೆಯ ಮುಂದೆ ಕೂತಿದ್ದಾಗ, ತಗಡನ್ನು ಕೈಯಲ್ಲಿ ಹಿಡಿದು ವಿಷಯವನ್ನು ಮೆಲ್ಲಗೆ ಪ್ರಸ್ತಾಪಿಸಿದೆ. ಶ್ರುತಿ ಮಾಡುತ್ತಿದ್ದವಳು ಬಿರಡೆಯಿಂದ ಕೈ ತೆಗೆಯದೆ, “ಖಾನೇಲಿ ಇಟ್ಟು ಬನ್ನಿ” ಎಂದಳು.